ಗಾಳಿಮರಕ್ಕೆ ಕತ್ತರಿ ಹಿಡಿದ ವರ್ಷಗಳು

ನೀವು ಈ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಯಾರಾದರೂ ಬಂದು, ಮರವನ್ನು ಕುಂಡದಲ್ಲಿಟ್ಟು ಗಿಡ್ಡ ಮಾಡುವುದು ಪಾಪ ಎಂದು ಹೇಳುತ್ತಾರೆ. ಸ್ವಲ್ಪ ದಿನ ಕಳೆದರೆ ಇನ್ನೊಬ್ಬರು ಬಂದು, ಅಂಥ ಗಿಡ ಇಟ್ಟ ಮನೆ ಏಳಿಗೆಯಾಗುವುದಿಲ್ಲ ಎನ್ನುತ್ತಾರೆ. ನಿಮ್ಮ ಕೈಯಲ್ಲಿರುವುದು ಗಾಳಿಮರವಾದರಂತೂ, "ಅದು ಒಲೆಗೆ ಹಾಕುವ ಸೌದೆ, ಅದಕ್ಕೆ ಇಷ್ಟೆಲ್ಲ ಸಿಂಗಾರವಾ?" ಎಂದು ನಗುತ್ತಾರೆ. ಇವೆಲ್ಲವನ್ನೂ ನಾನು ಕೆಲಸ ಮಾಡಿದಷ್ಟು ವರ್ಷವೂ ಕೇಳಿದ್ದೇನೆ. ಕೆಲವು ಸಲ ಉತ್ತರ ಕೊಟ್ಟಿದ್ದೇನೆ, ಕೆಲವು ಸಲ ಜಗಳವನ್ನೇ ಮಾಡಿದ್ದೇನೆ. ಕೆಲಸ ಬಿಡಲಿಲ್ಲ. ಹಾಗಾಗಿ ಇದನ್ನು ಬರೆಯುವ ಹಕ್ಕು ನನಗೆ ಇದೆ ಎಂದುಕೊಂಡಿದ್ದೇನೆ.

ನನ್ನ ಹೆಸರು ಗಿರಿಜ. ತವರು ಬೈಂದೂರಿನ ಕಡಲ ಕರೆ, ಅಂದರೆ ತೀರ; ಗಂಡನ ಮನೆ ತಲ್ಲೂರು. ನಮ್ಮ ಯಜಮಾನರು ಶೇಖರ, ಮೀನಿನ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಮದುವೆಯಾಗಿ ಎಷ್ಟೋ ವರ್ಷವಾದರೂ ನಮಗೆ ಮಕ್ಕಳಾಗಲಿಲ್ಲ. ಡಾಕ್ಟರು, ಹರಕೆ, ಮತ್ತೆ ಡಾಕ್ಟರು, ಎಲ್ಲ ಮುಗಿದ ಮೇಲೆ ನಾನು ಮನೆಯಲ್ಲಿ ಕೂತಿರಲಾರದೆ 1997ರಲ್ಲಿ ತ್ರಾಸಿಯ ಹತ್ತಿರದ ಸರಕಾರಿ ನರ್ಸರಿಗೆ ದಿನಗೂಲಿಗೆ ಸೇರಿದೆ. ಮಕ್ಕಳಿಲ್ಲದ ವಿಷಯವನ್ನು ಇಲ್ಲೇ ಹೇಳಿಬಿಡುತ್ತಿದ್ದೇನೆ. ಯಾಕೆಂದರೆ ಮುಂದೆ ಊರಿನವರು ಅದನ್ನು ನನ್ನ ಕೆಲಸಕ್ಕೆ ಗಂಟು ಹಾಕಿದರು.

ಆ ನರ್ಸರಿಯಲ್ಲಿ ಬೆಳೆಸುತ್ತಿದ್ದದ್ದು ಗಾಳಿಮರದ ಸಸಿ, ಘಟ್ಟದ ಮೇಲಿನವರು ಸರ್ವೆ ಎನ್ನುವ ಮರ. ಆಸ್ಟ್ರೇಲಿಯಾ ಕಡೆಯಿಂದ ಬಂದ ಮರ ಅಂತ ಅರಣ್ಯ ಇಲಾಖೆಯ ಗಾರ್ಡ್ ಹೇಳುತ್ತಿದ್ದರು. ನಾವು ಹುಟ್ಟುವಾಗಲೇ ನಮ್ಮ ಕರೆಯ ಮೇಲೆ ಸಾಲಾಗಿ ನಿಂತಿದ್ದ ಮರಕ್ಕೆ ಪರದೇಶ ಎಲ್ಲಿಯದು ಅಂತ ನಮಗೆ ನಗು. ಪ್ಲಾಸ್ಟಿಕ್ ತೊಟ್ಟೆಗೆ ಹೊಯ್ಗೆ, ಅಂದರೆ ಮರಳು ಮಣ್ಣು, ತುಂಬುವುದು, ಸಸಿ ಊರುವುದು, ನೀರು ಹಾಕುವುದು, ನೆಟ್ಟಗೆ ಬಂದದ್ದನ್ನು ಲಾರಿಗೆ ಹತ್ತಿಸುವುದು, ಸೊಟ್ಟ ಬಂದದ್ದನ್ನು ಬದಿಗೆ ಎಸೆಯುವುದು. ಇಷ್ಟೇ ಕೆಲಸ. ಎಸೆದ ರಾಶಿಯಲ್ಲಿ ಒಂದು ಸಸಿ ಆಡು ಕಚ್ಚಿ, ಮತ್ತೆ ಚಿಗುರಿ, ಬುಡ ದಪ್ಪವಾಗಿ, ತಲೆ ಒಂದು ಬದಿಗೆ ಬಾಗಿ ನಿಂತಿತ್ತು. ನನ್ನ ಅಪ್ಪನ ಮನೆ ಎದುರಿನ ಮರದ ಹಾಗೇ, ಗಾತ್ರದಲ್ಲಿ ಮಾತ್ರ ಸಣ್ಣದು. ಅಮ್ಮ ಮೀನು ಸಾರು ಮಾಡುತ್ತಿದ್ದ, ಈಗ ಬಾಯಿ ಒಡೆದ ಮಣ್ಣಿನ ಅಳಗೆಯಲ್ಲಿ ಅದನ್ನು ನೆಟ್ಟು, ನರ್ಸರಿಯ ನೀರಿನ ನಳ್ಳಿಯ ಪಕ್ಕದಲ್ಲಿ ಇಟ್ಟೆ. ಚಿಗುರು ಹೆಚ್ಚಾದಾಗ ಚಿವುಟುತ್ತಿದ್ದೆ. ತೆಂಗಿನ ನಾರಿನ ಹುರಿ ಕಟ್ಟಿ ಕೊಂಬೆ ಎಳೆಯುತ್ತಿದ್ದೆ. ಬೋನ್ಸಾಯ್ ಎಂಬ ಶಬ್ದ ಆಗ ನನಗೆ ಗೊತ್ತಿರಲಿಲ್ಲ.

ಅಲ್ಲಿಗೆ ಬೇಲಿಗೆ ನೆಡಲು ಸಸಿ ಕೇಳಿಕೊಂಡು ಒಂದು ದಿನ ಐತಾಳರು ಬಂದರು. ಬಹಳ ವರ್ಷ ಬೊಂಬಾಯಿಯಲ್ಲಿ ಹೋಟೆಲು ನಡೆಸಿ, ಅಲ್ಲೇ ಬೋನ್ಸಾಯ್ ಕಲಿತು, ಊರಿಗೆ ಬಂದು ಬ್ರಹ್ಮಾವರದಲ್ಲಿ ನರ್ಸರಿ ಹಾಕಿದವರು. ಬಿಳಿ ಅಂಗಿ, ಕಿಸೆಯಲ್ಲಿ ಯಾವಾಗಲೂ ಒಂದು ಸಣ್ಣ ಕತ್ತರಿ. ಸಸಿ ನೋಡುವುದನ್ನು ಬಿಟ್ಟು ನಳ್ಳಿಯ ಹತ್ತಿರ ಬಗ್ಗಿ ನಿಂತರು.

"ಇದ್ ಮಾಡಿದ್ ಯಾರ್?"

"ನಾನೇ. ಎಂತಕೆ?"

"ಗಾಳಿಮರಕ್ಕೆ ಬೋನ್ಸಾಯಾ! ಬೊಂಬಾಯಂಗೆ ಹೇಳ್ರೆ ನೆಗಾಡ್ತ್ರ್ ಮಾರಾಯ್ತಿ."

"ನೆಗಾಡ್ಲಿ. ಅವ್ರ್ ಎಂತ ಇಲ್ಲಿ ಬಂದ್ ನೀರ್ ಹಾಕ್ತ್ರಾ?"

ಗಾರ್ಡ್ ನನ್ನನ್ನು ದುರುಗುಟ್ಟಿ ನೋಡಿದರು. ಐತಾಳರು ಅಳಗೆಯನ್ನು ಒಂದು ಸುತ್ತು ತಿರುಗಿಸಿ, ಹುರಿ ಕಟ್ಟಿದ ಕೊಂಬೆಯನ್ನು ಮುಟ್ಟಿ, "ಮರ ಬ್ಯಾಡ. ನಿನ್ ಕೈ ಒಳ್ಳೇದಿತ್ತ್. ನಮ್ ನರ್ಸರಿಗ್ ಬತ್ಯಾ?" ಅಂದರು.

"ಬತ್ತೆ. ಮರನೂ ಬತ್ತ್" ಅಂದೆ.

ಹೀಗೆ ನನ್ನ ನೌಕರಿ ಶುರುವಾಯಿತು. ಬೆಳಿಗ್ಗೆ ತಲ್ಲೂರಿನಿಂದ ಬಸ್ಸು ಹಿಡಿದರೆ ಬ್ರಹ್ಮಾವರ. ಮೊದಲ ದಿನ ಕಂಡಕ್ಟರು ಅಳಗೆಗೆ ಸೀಟು ಕೊಡುವುದಿಲ್ಲ ಎಂದದ್ದಕ್ಕೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೋದೆ.

ಐತಾಳರಷ್ಟು ಕಲಿಸಿದವರು ನನಗೆ ಬೇರೆ ಯಾರೂ ಇಲ್ಲ. ಅವರಷ್ಟು ಬೈದವರೂ ಇಲ್ಲ. ನರ್ಸರಿ ತುಂಬ ಆಲ, ಅತ್ತಿ, ಜೇಡ್, ಬೋಗನ್‌ವಿಲ್ಲಾ. ಕತ್ತರಿಯನ್ನು ಎಣ್ಣೆಬಟ್ಟೆಯಲ್ಲಿ ಒರೆಸದೆ ಇಟ್ಟರೆ ಊಟದ ಹೊತ್ತಿನವರೆಗೂ ಬೈಗುಳ. ಕೊಂಬೆ ಕಡಿಯುವ ಮೊದಲು ಮರದ ಸುತ್ತ ಒಂದು ಸುತ್ತು ಬರಬೇಕು, ನೆಲಕ್ಕೆ ಕೂತು ಕೆಳಗಿನಿಂದ ನೋಡಬೇಕು, ಆಮೇಲೆ ಅವರ ಮುಖ ನೋಡಬೇಕು. ಅವರು ತಲೆ ಅಲ್ಲಾಡಿಸಿದರೆ ಕಡಿಯುವ ಹಾಗಿಲ್ಲ. ಆಲಕ್ಕೆ ಅವರು ಹೇಳಿದ್ದೆಲ್ಲ ಸರಿಯಾಗಿತ್ತು. ನನ್ನ ಗಾಳಿಮರಕ್ಕೆ ಅದು ಹೊಂದಲಿಲ್ಲ. ಮಧ್ಯಾಹ್ನ ಅವರು ಮಲಗುವ ಹೊತ್ತಿನಲ್ಲಿ ಹಿಂದಿನ ಮೂಲೆಯಲ್ಲಿ ನಾನು ಅದನ್ನು ನನ್ನ ರೀತಿಯಲ್ಲಿ ಮಾಡುತ್ತಿದ್ದೆ. ಬೇರೆ ಗಾಳಿಮರಗಳನ್ನೂ ಒಂದೊಂದಾಗಿ ತಂದು ಅಲ್ಲಿ ಸೇರಿಸಿದೆ. ಅವರಿಗೆ ಗೊತ್ತಿತ್ತು. ಬೇಕೆಂದೇ ಆ ಮೂಲೆಗೆ ಬರುತ್ತಿರಲಿಲ್ಲ.

ಗಾಳಿಮರ ಎಷ್ಟು ಹಠಮಾರಿ ಎಂದು ಹೊಸಬರಿಗೆ ಹೇಳಬೇಕು. ಆಲದ ಎಲೆ ಪೂರ್ತಿ ಬೋಳಿಸಿದರೂ ಹದಿನೈದಿಪ್ಪತ್ತು ದಿನದಲ್ಲಿ ಸಣ್ಣ ಎಲೆ ಬಿಡುತ್ತದೆ. ಅದೇ ಧೈರ್ಯದಲ್ಲಿ ನಾನು ಒಂದು ಗಾಳಿಮರದ ಕೊಂಬೆಯ ಹಸಿರನ್ನೆಲ್ಲ ತೆಗೆದೆ. ಆ ಕೊಂಬೆ ಒಣಗಿ ಕಡ್ಡಿಯಾಯಿತು. ಇದರ ಕೊಂಬೆಯಲ್ಲಿ ಸ್ವಲ್ಪವಾದರೂ ಹಸಿರು ಉಳಿದಿರಲೇಬೇಕು. ಕತ್ತರಿಯಿಂದ ನೂಲಿನಂಥ ಎಲೆ ಕತ್ತರಿಸಿದರೆ ತುದಿ ಕಂದುಬಣ್ಣಕ್ಕೆ ತಿರುಗಿ ಹಳೇ ಹಿಡಿಸೂಡಿ ಪೊರಕೆಯ ಹಾಗೆ ಕಾಣುತ್ತದೆ. ಆ ನೂಲಿನಲ್ಲಿ ಸಣ್ಣ ಸಣ್ಣ ಗಂಟು ಇರುತ್ತವೆ. ಬೆರಳಲ್ಲಿ ಹಿಡಿದು ಮೆಲ್ಲ ಎಳೆದರೆ ಗಂಟಿನಲ್ಲೇ ಕಳಚಿ ಬರುತ್ತದೆ. ದಿನವಿಡೀ ಅದನ್ನೇ ಮಾಡಿದರೆ ಬೆರಳ ತುದಿ ಹಸಿರಾಗಿ, ಊಟ ಮಾಡುವಾಗ ಅನ್ನಕ್ಕೂ ಅದರದ್ದೇ ಪರಿಮಳ.

ಬೇರಿನ ವಿಷಯದಲ್ಲಿ ಬಿದ್ದ ಪೆಟ್ಟು ಇನ್ನೂ ದೊಡ್ಡದು. ಕುಂಡ ಬದಲಿಸುವಾಗ ಚೊಕ್ಕಟವಾಗಿರಲಿ ಎಂದು ಒಂದು ಸಾಲಿನ ಮರಗಳ ಬೇರನ್ನೆಲ್ಲ ಪೈಪಿನ ನೀರಲ್ಲಿ ತೊಳೆದೆ. ಬೇರಿನಲ್ಲಿದ್ದ ಸಣ್ಣ ಉಂಡೆಗಳನ್ನು ರೋಗ ಎಂದು ತಿಳಿದು ಚಿವುಟಿ ಹಾಕಿದೆ. ಎಷ್ಟೋ ಗಿಡ ಹಳದಿಯಾಗಿ ಹೋದವು. ಐತಾಳರು ಬೊಂಬಾಯಿಯಲ್ಲಿದ್ದ ಯಾರನ್ನೋ ಫೋನಿನಲ್ಲಿ ಕೇಳಿ, ಆ ಉಂಡೆಯಿಂದಲೇ ಗಿಡಕ್ಕೆ ಸತ್ವ ಸಿಗುವುದು ಎಂದು ತಿಳಿದುಕೊಂಡು ಬಂದು, "ಹಳೇ ಮಣ್ಣ್ ಒಂದ್ ಹಿಡಿ ಯಾವತ್ತೂ ಇಟ್ಕಾ. ಚೊಕ್ಕ ಮಾಡುಕೆ ಇದ್ ಪಾತ್ರೆ ಅಲ್ಲ" ಅಂದರು. ಅಷ್ಟು ದಿನ ಗಾಳಿಮರವನ್ನು ಕಂಡು ನೆಗಾಡುತ್ತಿದ್ದ ಮನುಷ್ಯ ಅದಕ್ಕೋಸ್ಕರ ಫೋನ್ ಮಾಡಿದ್ದರು. ಬೈಗುಳದ ನಡುವೆಯೂ ನಾನು ಅದನ್ನು ಗಮನಿಸಿದೆ.

ಹುರಿಯ ಬದಲು ತಂತಿ ಬಂದದ್ದು ನನ್ನ ತಮ್ಮ ರಮೇಶನಿಂದ. ಅವನಿಗೆ ತಲ್ಲೂರಿನ ಹೆದ್ದಾರಿ ಬದಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪಿನೊಳಗಿಂದ ತೆಗೆದ ತಾಮ್ರದ ತಂತಿಯನ್ನು ಕೊಡುತ್ತಿದ್ದ. ಅದನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಆರಿಸಿದರೆ ಮೆತ್ತಗಾಗುತ್ತದೆ. ಗಾಳಿಮರ ಬೇಗ ದಪ್ಪವಾಗುವ ಜಾತಿ, ತಂತಿ ಮರೆತರೆ ತೊಗಟೆಯೊಳಗೆ ಹೂತುಹೋಗುತ್ತದೆ. ಆಮೇಲೆ ಬೆಂಗಳೂರಿನಿಂದ ಅಲ್ಯೂಮಿನಿಯಂ ತಂತಿ ತರಿಸತೊಡಗಿದೆವು. ಕುಂಡಕ್ಕೆ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಬಾಬಣ್ಣ ಎಂಬವರು ತಟ್ಟೆಯಂಥ ಚಟ್ಟಿ ಸುಟ್ಟುಕೊಡುತ್ತಿದ್ದರು. ಹಂಚಿನ ಚೂರು ಮತ್ತು ದಪ್ಪ ಹೊಯ್ಗೆ, ಇದೇ ಮಣ್ಣು. ಬೇಸಗೆಯಲ್ಲಿ ಚಟ್ಟಿಯನ್ನು ನೀರಿನ ತಟ್ಟೆಯಲ್ಲೇ ಕೂರಿಸಬೇಕು. ಹೊಯ್ಗೆಯಲ್ಲಿ ಬೆಳೆಯುವ ಮರಕ್ಕೆ ನೀರು ಬೇಡ ಎಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ.

ಕುಂದಾಪುರದಲ್ಲಿ ಒಂದು ಫಲಪುಷ್ಪ ಪ್ರದರ್ಶನ ಆಯಿತು. ಅಷ್ಟರಲ್ಲಿ ನನ್ನ ಮೂಲೆಯ ಗಾಳಿಮರಗಳು ಕಣ್ಣಿಗೆ ಕಾಣುವಷ್ಟಾಗಿದ್ದವು. ಐತಾಳರು ಆಲವನ್ನೂ ಜೇಡ್ ಗಿಡವನ್ನೂ ಗಾಡಿಗೆ ಹೇರಿಸಿದರು. ಕೊನೆಗೆ ನನ್ನ ಕಡೆ ನೋಡದೆ, "ನಿಂದ್ ಒಂದ್ ಇಡ್" ಅಂದರು. ನಾನು ಅಳಗೆಯದ್ದನ್ನು ಬಿಟ್ಟು, ಆಮೇಲೆ ಅಪ್ಪನ ಮನೆಯ ಕರೆಯಿಂದ ತಂದಿದ್ದ ಮರವನ್ನು ಇಟ್ಟೆ. ಸೌದೆಗೆ ಕಡಿದ ಬುಡದಿಂದ ಚಿಗುರಿದ ಮರ, ಒಂದೇ ಬದಿಗೆ ಬಾಗಿದ್ದು, ಕಡಲಿನ ಗಾಳಿ ಈಗಲೂ ಅದರ ಮೇಲೆ ಬೀಸುತ್ತಿದೆ ಎನ್ನುವಂತೆ.

ಬೋನ್ಸಾಯ್ ಮೇಜಿನ ಮೇಲೆ ಅದನ್ನಿಟ್ಟು ಕೈ ತೊಳೆದು ಬರುವುದರೊಳಗೆ ಅಲ್ಲಿ ಇರಲಿಲ್ಲ. ಹುಡುಕಿದರೆ ತರಕಾರಿ ಸಸಿ, ಕರಿಬೇವು ಇಟ್ಟಿದ್ದ ಮೂಲೆಯಲ್ಲಿತ್ತು. ಎತ್ತಿಕೊಂಡು ಮತ್ತೆ ತಂದಿಟ್ಟೆ. ಬಹುಮಾನ ನಿರ್ಧರಿಸಲು ಬಂದಿದ್ದವರು ನನ್ನನ್ನು ಕರೆದರು.

"ನೋಡಮ್ಮ, ಬೋನ್ಸಾಯ್ ಅಂದರೆ ಅದಕ್ಕೆ ಅಂತ ಕೆಲವು ಜಾತಿ ಇವೆ. ಇದು ಆ ಸಾಲಿಗೆ ಬರುವುದಿಲ್ಲ. ದೂರದಿಂದ ಹಿಡಿಸೂಡಿ ಇಟ್ಟ ಹಾಗೆ ಕಾಣುತ್ತದೆ."

"ಹತ್ತಿರದಿಂದ ನೋಡಿ ಸಾರ್."

"ನೋಡಿದೆ."

"ಬಹುಮಾನ ಕೊಡಬೇಡಿ. ಮೇಜು ಮಾತ್ರ ಇದೇ."

ಅವರು ಐತಾಳರ ಕಡೆ ತಿರುಗಿದರು. ಐತಾಳರು ಕನ್ನಡಕ ಒರೆಸುತ್ತಾ ನಿಂತಿದ್ದರು. ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ, ತೆಗೆಯೆಂದೂ ಹೇಳಲಿಲ್ಲ. ಸಂಜೆಯವರೆಗೂ ನಾನು ಆ ಮೇಜಿನ ಪಕ್ಕದಿಂದ ಕದಲಲಿಲ್ಲ, ಊಟಕ್ಕೂ ಹೋಗಲಿಲ್ಲ. ಹೋದರೆ ಮರ ಮತ್ತೆ ಕರಿಬೇವಿನ ಹತ್ತಿರ ಹೋಗುತ್ತದೆ ಎಂದು ಗೊತ್ತಿತ್ತು. ಬಹುಮಾನ ಜೇಡ್ ಗಿಡಕ್ಕೆ ಬಂತು. ಅದು ನಮ್ಮ ನರ್ಸರಿಯದ್ದೇ.

ಸಂಜೆ ಮೀನು ಮಾರಿ ಬುಟ್ಟಿ ಖಾಲಿ ಮಾಡಿಕೊಂಡ ಹೆಂಗಸರು ಒಳಗೆ ಬಂದರು. ಒಬ್ಬಾಕೆ ನನ್ನ ಮರದ ಎದುರು ನಿಂತು, ತಲೆಯನ್ನು ಅದು ಬಾಗಿದ ಕಡೆಗೇ ಬಾಗಿಸಿ ನೋಡಿದಳು. "ಹ್ವಾಯ್, ಇಲ್ ಬನ್ನಿ ಕಾಣಿ! ಇದ್ ನಮ್ ಕರೆ ಮರ ಅಲ್ದಾ! ಸಣ್ಣ ಮಾಡಿ ಇಟ್ಟಿದ್ರ್!" ಎಂದು ಉಳಿದವರನ್ನು ಕೂಗಿದಳು. ಎಲ್ಲರೂ ಬಂದು ಸುತ್ತುವರಿದರು. ಆಲದ ಎದುರು, ಜೇಡಿನ ಎದುರು ಅವರು ನಿಲ್ಲಲಿಲ್ಲ. ನನಗೆ ಅವತ್ತು ಹಸಿವೇ ಆಗಲಿಲ್ಲ.

ಆ ಪ್ರದರ್ಶನದಲ್ಲೇ ನನ್ನ ಮರ ಕಂಡು ನರ್ಸರಿಗೆ ಹುಡುಕಿಕೊಂಡು ಬಂದವಳು ವಿನೋದ. ಕುಂದಾಪುರದಲ್ಲಿ ಜವಳಿ ಅಂಗಡಿ ಇದ್ದವರ ಮನೆಯ ಸೊಸೆ. ಸಣ್ಣ ಗಾಳಿಮರವೊಂದನ್ನು ಆರಿಸಿಕೊಂಡಳು. ಹೇಗೆ ಚಿವುಟಬೇಕು, ಹೇಗೆ ನೀರಲ್ಲಿ ಕೂರಿಸಬೇಕು ಎಂದು ಎಲ್ಲ ಕೇಳಿ ಕಲಿತಳು. ಆಗಾಗ ಬಂದು, "ಗಿರಿಜಕ್ಕ, ಇವತ್ತ್ ಒಂದ್ ಸಣ್ಣ ಕಾಯಿ ಬಿಟ್ಟಿತ್ತ್" ಎಂದು ಹೇಳಿ ಹೋಗುತ್ತಿದ್ದಳು. ಅವಳಿಗೂ ಮಕ್ಕಳಾಗಿರಲಿಲ್ಲ. ನಾವಿಬ್ಬರೂ ಆ ವಿಷಯ ಮಾತಾಡುತ್ತಿರಲಿಲ್ಲ. ಒಂದು ಸಲ ಬಸುರಿಯಾದಳು ಎಂದು ಕೇಳಿದೆ. ಸ್ವಲ್ಪ ಸಮಯದ ಮೇಲೆ ಅದು ನಿಲ್ಲಲಿಲ್ಲ ಎಂದೂ ಕೇಳಿದೆ.

ಒಂದು ಭಾನುವಾರ, ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ, ನರ್ಸರಿಯ ಎದುರು ರಿಕ್ಷಾ ನಿಂತಿತು. ವಿನೋದಳ ಅತ್ತೆ ಇಳಿದರು. ಹಿಂದೆ ವಿನೋದ, ಕೈಯಲ್ಲಿ ಚಟ್ಟಿ. ಅತ್ತೆ ಅದನ್ನು ಅವಳಿಂದ ಕಿತ್ತು ನೆಲಕ್ಕೆ ಕುಕ್ಕಿದರು. ಚಟ್ಟಿಯ ಒಂದು ಮೂಲೆ ಒಡೆಯಿತು.

"ತಕಣಿ ನಿಮ್ ಮರ! ಮನಿ ಒಳ್ಗೆ ಇದ್ನ್ ಇಟ್ಟ್ ನಮ್ ವಂಶನೇ ಕುಂಠ ಆಯ್ತ್."

ಐತಾಳರು ಸಮಾಧಾನ ಮಾಡಲು ಬಂದರು. ಆಕೆ ನಿಲ್ಲಿಸಲಿಲ್ಲ. ನನ್ನ ಕಡೆ ಕೈ ತೋರಿಸಿ, "ಇವ್ಳಿಗೇ ಮಕ್ಳಿಲ್ಲೆ ಅಂಬ್ರ್. ಬಂಜೆ ಕೈಯಂಗೆ ಬೆಳ್ದ ಮರ ತಂದ್ ಮನಿಲಿ ಇಟ್ರೆ ಮತ್ತ್ ಎಂತ ಆತ್ತ್?" ಅಂದರು.

ನೀರಿನ ಪೈಪು ನನ್ನ ಕೈಯಲ್ಲೇ ಇತ್ತು, ನೀರು ನನ್ನ ಕಾಲ ಮೇಲೆ ಬೀಳುತ್ತಿತ್ತು. ನಾನು ಪೈಪು ಕೆಳಗಿಟ್ಟು ಹತ್ತಿರ ಹೋದೆ.

"ಹೌದಮ್ಮ, ನಂಗೆ ಮಕ್ಳಿಲ್ಲೆ. ಈ ಮರ ನಾನ್ ಮುಟ್ಟುಕೂ ಮುಂಚೆಯೇ ಸುಮಾರ್ ವರ್ಷದಿಂದ ಮಕ್ಳಿಲ್ಲೆ. ಆಗ ಯಾವ್ ಮರದ್ ತಪ್ಪ್ ಹೇಳಿ? ನಾನ್ ಇಷ್ಟ್ ವರ್ಷದಂಗೆ ಬೆಳ್ಸಿದ್ ಮರ ಊರ್ ತುಂಬಾ ಇತ್ತ್. ಆ ಮನಿ ಹೆಣ್ಮಕ್ಳ್ ಹೆರ್ಲಿಲ್ಯಾ? ಬಯ್ಯುದಾರೆ ನನ್ ಬಯ್ಯಿ. ಈ ಹೆಣ್ಣಿಗ್ ಒಂದ್ ಮಾತ್ ಅನ್ಬೇಡಿ. ಅವ್ಳ್ ಕಳ್ಕಂಡದ್ದೇ ಸಾಕ್."

ಆಕೆ ರಿಕ್ಷಾ ಹತ್ತಿದರು. ವಿನೋದ ಹತ್ತುವ ಮೊದಲು ಒಡೆದ ಚಟ್ಟಿಯ ಮಣ್ಣನ್ನು ಎರಡು ಕೈಯಲ್ಲಿ ಒಟ್ಟು ಮಾಡಿ ಬೇರಿಗೆ ಒತ್ತಿದಳು. ನನ್ನ ಮುಖ ನೋಡಲಿಲ್ಲ.

ಆ ಮರವನ್ನು ನಾನು ಬೇರೆ ಚಟ್ಟಿಗೆ ಹಾಕಿದೆ. ಒಂದೆರಡು ವಾರ ಕಳೆದು ವಿನೋದ ಒಬ್ಬಳೇ ಬಂದಳು. "ಟೈಲರ್ ಹತ್ರ ಹೋತೆ ಅಂದೇಳಿ ಬಂದೆ" ಎಂದು, ಸೀದಾ ಹೋಗಿ ಅದರ ಎದುರು ಕೂತು ಚಿವುಟತೊಡಗಿದಳು. ಆಮೇಲೆ ತಿಂಗಳಿಗೊಮ್ಮೆಯಾದರೂ ಬರುತ್ತಿದ್ದಳು. ಕೊನೆಗೂ ಅವಳಿಗೆ ಮಗು ಆಗಲಿಲ್ಲ. ಮರ ಮನೆಯಿಂದ ಹೊರಗೆ ಹೋದ ಮೇಲೂ ಆಗಲಿಲ್ಲ. ಆಗ ಯಾರೂ ಬಂದು ಮರದ ಹತ್ತಿರವಾಗಲಿ ನನ್ನ ಹತ್ತಿರವಾಗಲಿ ತಪ್ಪಾಯಿತು ಎಂದು ಹೇಳಲಿಲ್ಲ. ಅದನ್ನು ನಾನು ಇಲ್ಲಿ ಬರೆದಿಡುತ್ತೇನೆ.

ಆದರೆ ಮಾತು ಹಬ್ಬಿತು. ಬಂದ ಗಿರಾಕಿಗಳು ಆಲದ ಹತ್ತಿರ ನಿಂತು, ನನ್ನ ಮೂಲೆಯ ಕಡೆ ಬೊಟ್ಟು ಮಾಡಿ ಪಿಸುಪಿಸು ಮಾಡತೊಡಗಿದರು. ನಮ್ಮ ತಲ್ಲೂರಿನಲ್ಲೂ, ಪಕ್ಕದ ಮನೆಯ ಅಪ್ಪಿಯಕ್ಕ ಬಾವಿಕಟ್ಟೆಯಲ್ಲಿ, "ಮರದ್ ಬೆಳವಣಿಗಿ ಕಟ್ಟಿದ್ರೆ ಹೊಟ್ಟಿ ಕಟ್ಟುದಿಲ್ಯಾ?" ಎಂದದ್ದು ನನ್ನ ಕಿವಿಗೇ ಬಿತ್ತು. ಕೊಡಪಾನ ತುಂಬಿಸಿಕೊಂಡು, "ನಿಮ್ ಮಲ್ಲಿಗಿ ಗಿಡನೂ ಕತ್ರಿಸ್ತ್ರಿ ಅಲ್ದಾ ಅಪ್ಪಿಯಕ್ಕ?" ಎಂದು ಕೇಳಿ ಮನೆಗೆ ಬಂದೆ. ಒಳಗೆ ಬಂದ ಮೇಲೆ ಅತ್ತುಬಿಟ್ಟೆ. ಅತ್ತದ್ದನ್ನೂ ಯಾಕೆ ಮುಚ್ಚಿಡಬೇಕು.

ಒಂದು ಬೆಳಿಗ್ಗೆ ಐತಾಳರು ನನ್ನ ಮೂಲೆಗೆ ಬಂದರು. ಅವರು ಅಲ್ಲಿಗೆ ಬರುವುದೇ ಅಪರೂಪ. "ಗಿರಿಜಾ, ಗಾಳಿಮರ ಎಲ್ಲ ತೆಗಿ. ಚಟ್ಟಿ ಖಾಲಿ ಮಾಡಿ ಜೇಡ್ ಹಾಕುವ."

"ತೆಗ್ದ್ ಎಲ್ ಹಾಕುದ್?"

"ತೆಂಗಿನ್ ಬುಡಕ್ಕೆ."

"ನಾ ತೆಗಿತಿಲ್ಲೆ ಐತಾಳ್ರೆ."

"ಯಾಪಾರ ನಡಿಬೇಕ್ ಮಾರಾಯ್ತಿ. ನಂಗೆ ಅದ್ರ್ ಮೇಲೆಂತ ಸಿಟ್ಟಿತ್ತಾ? ಜನ ಹೆದ್ರ್ತ್ರ್."

"ಜನ ಹೆದ್ರ್ತ್ರ್ ಅಂದೇಳಿ ನೀವೂ ಹೆದ್ರುದಾ?"

ಅವರ ಮುಖ ಕೆಂಪಾಯಿತು. "ಹಾಂಗಾರೆ ಆ ಮರದ್ ಒಟ್ಟಿಗೆ ನೀನೂ ಹೋಪ್ದಾ?"

"ಹೋತೆ" ಅಂದೆ. ಯೋಚನೆ ಮಾಡದೆ ಬಾಯಿಗೆ ಬಂದ ಮಾತು. ಆದರೆ ಬಂದ ಮೇಲೆ ಅದೇ ಸರಿ ಎನಿಸಿತು.

ಐತಾಳರು ಕಿಸೆಯ ಕತ್ತರಿ ತೆಗೆದು, ಮತ್ತೆ ಕಿಸೆಗೆ ಹಾಕಿದರು. ಹೋಗುವಾಗ ಬೆನ್ನು ಹಾಕಿಕೊಂಡೇ, "ಚಟ್ಟಿ ಸಮೇತ ತಕಂಡ್ ಹೋಗ್. ದಾರಿಲಿ ಬೇರ್ ಒಣಗ್ಸ್ಬೇಡ" ಅಂದರು.

ಟೆಂಪೋದಲ್ಲಿ ಮರಗಳನ್ನು ಹೇರಿಕೊಂಡು ತಲ್ಲೂರಿಗೆ ಬಂದೆ. ತಮ್ಮನ ಅಂಗಡಿಯ ಪಕ್ಕದ ಖಾಲಿ ಜಾಗವನ್ನು ಬಾಡಿಗೆಗೆ ಹಿಡಿದೆ. ಯಜಮಾನರು ಬೋಟಿಗೆ ಬಳಿಯುವ ನೀಲಿ ಬಣ್ಣ ತಂದು ಬೋರ್ಡು ಬರೆಯಲು ಕೂತರು. "ಕೇಂಡ್ಯಾ, ಎಂತ ಬರೂದ್? ಬರೀ ನರ್ಸರಿ ಅಂದ್ರೆ ಸಾಕಲ್ದಾ?" ಎಂದು ಕೇಳಿದರು. ಗಾಳಿಮರದ ಬೋನ್ಸಾಯ್ ಎಂದೇ ಬರೆಯಿರಿ, ಬಸ್ಸಿನಲ್ಲಿ ಹೋಗುವವರಿಗೂ ಕಾಣುವ ಹಾಗೆ ದೊಡ್ಡಕ್ಕೆ ಬರೆಯಿರಿ ಎಂದೆ. ಹಾಗೇ ಬರೆದರು. ಬೋನ್ಸಾಯ್‌ಗೆ ಜಾಗ ಸಾಲದೆ ಕೊನೆಯ ಅಕ್ಷರ ಅಡಿಗೆ ಇಳಿಯಿತು.

ಮೊದಲು ಬಹಳ ಕಷ್ಟವಾಯಿತು. ಮಲ್ಲಿಗೆ, ದಾಸವಾಳ, ಕಾಳುಮೆಣಸಿನ ಬಳ್ಳಿ ಮಾರಿ ಗಾಳಿಮರ ಸಾಕಿದೆ ಎನ್ನಬೇಕು. ಆಮೇಲೆ ಬೊಂಬಾಯಿಯಿಂದ ಊರಿಗೆ ಬರುವವರು ನಿಲ್ಲತೊಡಗಿದರು. ಕರೆಯ ಮನೆ ಬಿಟ್ಟು ಹೋಗಿ ಅಲ್ಲಿ ಫ್ಲಾಟಿನಲ್ಲಿ ಇರುವವರು, "ಇದ್ ನಮ್ ಊರಿನ್ ಮರ" ಎಂದು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಹೊಸ ರೆಸಾರ್ಟಿನವರೊಬ್ಬರು ಬಂದು, ಬೇಗ ಬೇಕು, ದಪ್ಪ ಬುಡದ ಮರ ಕಡಿದು ಚಟ್ಟಿಗೆ ಊರಿ ತಂತಿ ಸುತ್ತಿ ಕೊಡಿ, ಉದ್ಘಾಟನೆಯವರೆಗೆ ಹಸಿರಾಗಿದ್ದರೆ ಸಾಕು ಎಂದರು. ಉದ್ಘಾಟನೆಗೆ ಪ್ಲಾಸ್ಟಿಕ್ಕಿನದ್ದು ಸಿಗುತ್ತದೆ, ಅದನ್ನು ತನ್ನಿ ಎಂದು ಕಳಿಸಿದೆ. ನಿಮಗೂ ಅಂಥವರು ಬರುತ್ತಾರೆ. ಕಳಿಸಿ.

ಐತಾಳರೂ ಒಂದು ಸಲ ಬಂದರು. ವಯಸ್ಸಾಗಿತ್ತು, ಕೋಲು ಹಿಡಿದಿದ್ದರು. ಒಂದೊಂದು ಮರದ ಎದುರು ನಿಂತು ನೋಡಿದರು. ಅಪ್ಪನ ಮನೆಯ ಕರೆಯ ಮರದ ಎದುರು ಬಹಳ ಹೊತ್ತು ನಿಂತು, "ಆ ಕೆಳ್ಗಿನ್ ಕೊಂಬಿ ಜಾಸ್ತಿ ಆಯ್ತ್. ತೆಗಿ" ಅಂದರು.

"ಇಲ್ಲ ಐತಾಳ್ರೆ. ಅದ್ ಇರ್ಕ್."

ಅವರು ನೆಲಕ್ಕೆ ಕೂರಲಾರದೆ ಕೋಲಿನ ಮೇಲೆ ಬಗ್ಗಿ ಕೆಳಗಿನಿಂದ ನೋಡಿದರು. "ಹ್ಞಾಂ, ಇರ್ಲಿ" ಅಂದರು. ಚಾ ಕುಡಿದು ಹೋದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಕಾಗಿಲ್ಲ.

2010ರ ಈಚೆಗೆ ಹೆದ್ದಾರಿ ಅಗಲ ಮಾಡುವ ಕೆಲಸ ನಮ್ಮ ಜಾಗದವರೆಗೆ ಬಂತು. ತಮ್ಮನ ಅಂಗಡಿ ಹಿಂದಕ್ಕೆ ಹೋಯಿತು, ನನ್ನ ಬಾಡಿಗೆ ಜಾಗ ಪೂರ್ತಿ ಹೋಯಿತು. ರಸ್ತೆ ಎಲ್ಲರಿಗೂ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಳೆಗಾಲ ಎದುರಿಗೇ ಇತ್ತು. ನಮ್ಮ ಮನೆಯಂಗಳ ಸಣ್ಣದು, ಸುತ್ತ ಹಲಸಿನ ಮರದ ನೆರಳು. ಗಾಳಿಮರ ನೆರಳಿನಲ್ಲಿ ಬದುಕುವುದಿಲ್ಲ. ಕೊಕ್ಕರ್ಣೆಯಲ್ಲೂ ಸಿದ್ದಾಪುರದಲ್ಲೂ ಜಾಗ ಕೇಳಿದೆ. ಕೆಲವರು ಕೊಡುವುದಿಲ್ಲ ಎಂದರು, ಕೊಟ್ಟಲ್ಲಿ ದಿನವೂ ಹೋಗಿ ಬರುವಷ್ಟು ನನ್ನ ಮಂಡಿಗೆ ಶಕ್ತಿಯಿರಲಿಲ್ಲ.

ಯಜಮಾನರು ಹೇಳಿದರು: "ಊರಂಗೇ ಹಂಚುವ. ಒಂದೊಂದ್ ಮನಿಗ್ ಒಂದೊಂದ್. ಮಳಿ ಬಿಟ್ಟ್ ಮೇಲೆ ವಾಪಾಸ್ ತಕಂಬುವ."

"ಯಾರ್ ಇಟ್ಕಂತ್ರ್? ಬಾಗ್ಲ್ ಹಾಕ್ತ್ರ್."

"ಹಾಕ್ಲಿ. ನಾವ್ ಕೇಂಬ್ದ್ ಕೇಂಬುವ."

ಹಾಗೆ ನಾನು ಚಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಮನೆ ಮನೆಗೆ ಹೋದೆ. ಯಾರ ಹತ್ತಿರವೂ ಕೈಮುಗಿಯಲಿಲ್ಲ. "ಬಿಸಿಲ್ ಬೀಳು ಜಾಗ ಬೇಕ್. ಮಳೆಗಾಲ ಕಳಿಯೂವರಿಗೆ ಇಟ್ಕಣಿ. ಹೆದ್ರಿಕಿ ಇದ್ರೆ ಬ್ಯಾಡ" ಎಂದಷ್ಟೇ ಹೇಳಿದೆ. ಕೆಲವರು ನನ್ನನ್ನು ದೂರದಿಂದ ಕಂಡು ಒಳಗೆ ಹೋದರು. ಒಬ್ಬರು ಜಗಲಿಯಲ್ಲೇ ಕೂತಿದ್ದು ಮನೆಯಲ್ಲಿ ಯಾರೂ ಇಲ್ಲ ಎಂದರು. ಆದರೆ ಇಟ್ಟುಕೊಂಡವರೂ ಇದ್ದರು. ನಿವೃತ್ತಿಯಾದ ಬಸ್ ಕಂಡಕ್ಟರು ಮಂಜಣ್ಣ ತಮ್ಮ ಟೆರೇಸಿನ ಮೆಟ್ಟಿಲಲ್ಲಿ ಸಾಲಾಗಿ ಇರಿಸಿಕೊಂಡರು. ದೊಡ್ಡ ಮಳೆಯಲ್ಲಿ ನೀರು ನಿಲ್ಲದ ಹಾಗೆ ಚಟ್ಟಿಯ ಒಂದು ಬದಿಗೆ ಕಲ್ಲು ಕೊಟ್ಟು ವಾಲಿಸಿಡುವುದನ್ನು ಪ್ರತಿ ಮನೆಯಲ್ಲೂ ತೋರಿಸಿಕೊಟ್ಟೆ.

ಉಳಿದದ್ದು ಕರೆಯ ಮರ. ಅದು ಭಾರ, ದೂರ ಒಯ್ಯಲು ಆಗುತ್ತಿರಲಿಲ್ಲ. ಬಿಸಿಲು ಚೆನ್ನಾಗಿ ಬೀಳುವುದು ಪಕ್ಕದ ಮನೆಯಲ್ಲೇ, ಅಪ್ಪಿಯಕ್ಕನ ದನದ ಹಟ್ಟಿಯ ಬದಿಯಲ್ಲಿ. ನಾನೂ ಯಜಮಾನರೂ ಹೊತ್ತುಕೊಂಡು ಹೋಗಿ ಅವರ ಅಂಗಳದಲ್ಲಿ ನಿಂತೆವು. ಅಪ್ಪಿಯಕ್ಕ ಮರವನ್ನು ನೋಡಿದರು, ನನ್ನನ್ನು ನೋಡಿದರು.

"ಮನಿ ಒಳ್ಗ್ ಇಡುಕಾಗ."

"ಮನಿ ಒಳ್ಗೆ ಇಟ್ರೆ ಸಾಯ್ತ್. ಹಟ್ಟಿ ಹತ್ರ ಸಾಕ್."

"ನಾ ನೀರ್ ಗೀರ್ ಹಾಕುದಿಲ್ಲೆ."

"ಮಳಿ ಹಾಕ್ತ್."

ಬೇಡ ಎಂದು ಅವರು ಹೇಳುವ ಮೊದಲೇ ಚಟ್ಟಿಯನ್ನು ಹಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂರಿಸಿ ಬಂದೆವು.

ಆ ಮಳೆಗಾಲ ನನಗೆ ಮಂಡಿ ನೋವಿನಿಂದ ಮನೆ ಬಿಟ್ಟು ಹೊರಡಲಾಗಲಿಲ್ಲ. ಎಷ್ಟು ಮರ ಉಳಿಯುತ್ತವೋ ಎಂದು ಮಳೆಯ ಸದ್ದು ಕೇಳುತ್ತಾ ಕೂತಿದ್ದೆ. ನವರಾತ್ರಿಯ ಹೊತ್ತಿಗೆ ತಮ್ಮ ತನ್ನ ಹೊಸ ಅಂಗಡಿಯ ಹಿಂದೆ ಸ್ವಲ್ಪ ಜಾಗ ಮಾಡಿಕೊಟ್ಟ. ಮರಗಳನ್ನು ತರಲು ಹೊರಟೆ. ಕೆಲವು ಹೋಗಿದ್ದವು. ಒಂದನ್ನು ದನ ತಿಂದಿತ್ತು, ಒಂದು ನೀರು ನಿಂತು ಕೊಳೆತಿತ್ತು. ಹೆಚ್ಚಿನವು ಬದುಕಿದ್ದವು. ಆದರೆ ಕೊಡುವವರಿಲ್ಲ! ಮಂಜಣ್ಣ, "ಇಲ್ಲಿಗೆ ಇಳೀರಿ ಅಂದ್ರೆ ಅವು ಇಳುದಿಲ್ಲೆ ಗಿರಿಜಕ್ಕ, ಪಾಸ್ ಇತ್ತ್ ಅವಕ್ಕೆ" ಎಂದು ಟೆರೇಸಿನ ಬಾಗಿಲಿಗೆ ಅಡ್ಡ ನಿಂತರು. ಇನ್ನೊಂದು ಮನೆಯವರು ಬೆಳಿಗ್ಗೆ ಎದ್ದರೆ ಅದರ ಮೇಲೆ ಹಕ್ಕಿ ಬಂದು ಕೂರುತ್ತದೆ, ಅದು ಹೋದರೆ ಮಕ್ಕಳು ಅಳುತ್ತವೆ ಎಂದರು. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಕೊನೆಗೆ ನಾನೇ ಹೇಳಿದೆ: ಇಟ್ಟುಕೊಳ್ಳಿ, ಆದರೆ ಕತ್ತರಿ ನನ್ನದೇ, ಬಂದಾಗ ಬಾಗಿಲು ತೆಗೆಯಬೇಕು. ನಾನು ನಿವೃತ್ತಳಾದದ್ದು ಹೀಗೆ. ಅಂಗಡಿಯಿಲ್ಲ, ಬೋರ್ಡಿಲ್ಲ. ಊರಿನ ಅಂಗಳಗಳಲ್ಲಿ ನನ್ನ ಮರಗಳಿವೆ, ಚೀಲದಲ್ಲಿ ತಂತಿ ಮತ್ತು ಕತ್ತರಿ ಇಟ್ಟುಕೊಂಡು ಸುತ್ತುತ್ತೇನೆ.

ಮರ ತರಲು ಹೊರಟಾಗ ಕೊನೆಗೆ ಹೋದದ್ದು ಅಪ್ಪಿಯಕ್ಕನ ಮನೆಗೆ. ಮರ ಅದೇ ಕಲ್ಲಿನ ಮೇಲಿತ್ತು. ಚಟ್ಟಿಯ ಸುತ್ತ ಕಳೆ ಕಿತ್ತಾಗಿತ್ತು. ದನ ಬಾಯಿ ಹಾಕದ ಹಾಗೆ ಹಳೇ ಮೀನುಬಲೆಯನ್ನು ಯಾರೋ ಸುತ್ತಲೂ ಕಟ್ಟಿದ್ದರು. ಯಾರು ಎಂದು ನಾನು ಕೇಳಲಿಲ್ಲ. ಯಜಮಾನರು ಬಲೆ ಬಿಚ್ಚಲು ಬಗ್ಗಿದರು.

"ಎಂತ, ತಕಂಡ್ ಹೋಪುಕೆ ಬಂದದ್ದಾ?" ಅಪ್ಪಿಯಕ್ಕ ಹಟ್ಟಿಯೊಳಗಿಂದ ಹೊರಗೆ ಬಂದರು.

"ಹೌದ್ ಅಪ್ಪಿಯಕ್ಕ."

"ಕೊಡ್ತಿಲ್ಲೆ."

"ಮನಿಗ್ ಆಪುದಲ್ಲ ಅಂದಿರಿ ಅಲ್ದಾ?"

"ಈಗ್ಳೂ ಅದೇ ಹೇಳ್ತೆ. ಮನಿ ಒಳ್ಗ್ ಆಪುದಲ್ಲ. ಹಟ್ಟಿ ಬದಿಗ್ ಆತ್ತ್."

ಆ ಹೆಂಗಸು ತನ್ನ ಮಾತಿನಿಂದ ಕೂದಲಿನಷ್ಟೂ ಹಿಂದೆ ಸರಿದಿರಲಿಲ್ಲ. ನಾನೂ ಸರಿದವಳಲ್ಲ. ಚೀಲದಿಂದ ಕತ್ತರಿ ತೆಗೆದೆ.

"ಹಾಂಗಾರೆ ಇಲ್ಲೇ ಕತ್ರಿಸ್ತೆ. ಕಾಡು ಬೆಳ್ದಾಂಗ್ ಬೆಳ್ದಿತ್ತ್."

"ನನ್ ಕಣ್ಣೆದ್ರಿಗೇ ಕತ್ರಿಸ್. ಜಾಸ್ತಿ ತೆಗಿಬೇಡ."

ನಾನು ಜಾಸ್ತಿಯೇ ತೆಗೆದೆ. ಮರಕ್ಕೆ ಎಷ್ಟು ಬೇಕೋ ಅಷ್ಟು ತೆಗೆದೆ. ಅಪ್ಪಿಯಕ್ಕ ಕೊನೆಯವರೆಗೂ ನನ್ನನ್ನು ಬೈಯುತ್ತಾ ನಿಂತಿದ್ದರು, ಚಟ್ಟಿ ಅಲುಗದ ಹಾಗೆ ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು.